ಗದ್ದಲವಿಲ್ಲದ ಒಂದು ಗಂಟೆ

ಈ ಮೂಲಕ ಈ ಕಟ್ಟಡದ ಸಮಸ್ತ ನಿವಾಸಿಗಳಿಗೆ, ಅವರ ನೆಂಟರಿಷ್ಟರಿಗೆ ಹಾಗೂ ಮೆಟ್ಟಿಲು ಹತ್ತಿ ಇಳಿಯುವ ಸಕಲರಿಗೂ ತಿಳಿಯಪಡಿಸುವುದೇನೆಂದರೆ, ಬರುವ ಬುಧವಾರ ಬೆಳಗ್ಗೆ ಹತ್ತು ಗಂಟೆಯಿಂದ ಹನ್ನೊಂದು ಗಂಟೆಯವರೆಗೆ ಮೂರನೇ ಮಹಡಿಯ ಹೊಲಿಗೆ ಯಂತ್ರವು ಹೊಲಿಯುವುದಿಲ್ಲ.

ನೋಟೀಸು ಮೆಟ್ಟಿಲ ಬುಡದ ಗೋಡೆಯ ಮೇಲಿತ್ತು. ಕೆಳಗೆ ಸಹಿ, ಸಹಿಯ ಕೆಳಗೆ ಹುದ್ದೆ, ಹುದ್ದೆಯ ಕೆಳಗೆ ದಿನಾಂಕ, ದಿನಾಂಕದ ಕೆಳಗೆ ‘ತಮ್ಮ ಸಹಕಾರ ಕೋರಿ’. ಮಧ್ಯಾಹ್ನದ ಹೊತ್ತಿಗೆ ಅದರ ಕೆಳಗೆ ಯಾರೋ ಪೆನ್ಸಿಲಿನಲ್ಲಿ ‘ಅಂದ್ರೆ ನನ್ನ ಪ್ಯಾಂಟು?’ ಎಂದು ಬರೆದಿದ್ದರು.

ನೋಟೀಸು ಅಂಟಿಸಿದವರು ವಿದ್ಯುತ್ ಕಂಪನಿಯ ಎಂಜಿನಿಯರು. ಹೊಲಿಗೆ ಯಂತ್ರ ಅವರ ಸ್ವಂತ ಅಕ್ಕನದು. ಅಕ್ಕನಿಗೆ ನೇರವಾಗಿ ಹೇಳುವಷ್ಟು ಧೈರ್ಯವಿಲ್ಲದ ಕಾರಣ ಅವರು ಲೋಕಕ್ಕೆಲ್ಲ ಹೇಳುವ ಸುಲಭದ ದಾರಿ ಹಿಡಿದಿದ್ದರು.

ಕಂಪನಿಯಲ್ಲಿ ಅವರಿಗೆ ‘ಪಿಸುಮಾತು’ ಎಂಬ ಅಡ್ಡಹೆಸರಿತ್ತು. ಅವರು ಪಿಸುಮಾತಿನವರೇನಲ್ಲ, ಗಂಟಲು ದೊಡ್ಡದೇ. ಅವರ ಪೆಟ್ಟಿಗೆ ಪಿಸುಗುಟ್ಟುತ್ತಿತ್ತು. ಊಟದ ಡಬ್ಬಿಯಷ್ಟಿದ್ದ ಆ ಪೆಟ್ಟಿಗೆಯನ್ನು ಕಟ್ಟಡದ ನೆಲಮಾಳಿಗೆಯಲ್ಲಿ ಕೂರಿಸಿದರೆ, ಪ್ರತಿ ಮನೆಯ ಬಾಗಿಲ ಮೇಲಿರುವ ಮೀಟರು ‘ಇಷ್ಟು ಯೂನಿಟ್ ಉರಿಯಿತು’ ಎಂದು ಅದಕ್ಕೆ ವರದಿ ಒಪ್ಪಿಸಬೇಕು. ಅದಕ್ಕೆಂದು ಬೇರೆ ತಂತಿ ಎಳೆಯುವಂತಿಲ್ಲ. ದೀಪ ಉರಿಸುವ, ಫ್ಯಾನು ತಿರುಗಿಸುವ ಅದೇ ಕರೆಂಟಿನ ತಂತಿಯಲ್ಲೇ ಮಾತೂ ನಡೆಯಬೇಕು. ತೊಂದರೆ ಏನೆಂದರೆ ಆ ತಂತಿಯಲ್ಲಿ ಮೊದಲೇ ಜಾತ್ರೆ. ಮೋಟರು ಕಿಡಿ ಹಾರಿಸಿದರೆ, ಚಾರ್ಜರು ಗೊರಕೆ ಹೊಡೆದರೆ, ದೀಪ ಮಿಣುಕಿದರೆ, ಎಲ್ಲವೂ ತಂತಿಗೆ ತಮ್ಮ ಪಾಲಿನ ಕಸ ಎಸೆಯುತ್ತವೆ. ಆ ಕಸದ ನಡುವೆ ಬಡಪಾಯಿ ಮೀಟರಿನ ಮಾತು ಯಾರಿಗೆ ಕೇಳಬೇಕು?

ಕೇಳಿಸುವ ಉಪಾಯ ಹುಡುಕುವುದರಲ್ಲಿ ಎಂಜಿನಿಯರರ ಒಂಬತ್ತು ವರ್ಷ ಮತ್ತು ನೆತ್ತಿಯ ಕೂದಲು ಖರ್ಚಾಗಿದ್ದವು. ಈಗ ವಿಭಾಗದ ಮುಖ್ಯಸ್ಥರು ಮೂರೇ ಸಾಲಿನ ಪತ್ರ ಬರೆದಿದ್ದರು. ತಿಂಗಳ ಕೊನೆಯೊಳಗೆ ಪೆಟ್ಟಿಗೆ ಅಧಿಕೃತ ಪರೀಕ್ಷೆಯಲ್ಲಿ ಪಾಸಾದರೆ ಊರಿನ ಎಲ್ಲ ಕಟ್ಟಡಗಳಿಗೂ ಅದೇ. ಆಗದಿದ್ದರೆ ಪ್ರಯೋಗಾಲಯಕ್ಕೆ ಬೀಗ. ಎಂಜಿನಿಯರರು ಕಂಬಗಳಿಗೆ ನಂಬರು ಬರೆಯಿಸುವ ವಿಭಾಗಕ್ಕೆ.

ಕಂಬದ ವಿಭಾಗವನ್ನು ಅವರು ಒಮ್ಮೆ ಕಣ್ಣಾರೆ ಕಂಡಿದ್ದರು. ಒಂದು ಕೋಣೆ, ಎರಡು ಡಬ್ಬ ಕಪ್ಪು ಬಣ್ಣ, ಸೊನ್ನೆಯಿಂದ ಒಂಬತ್ತರವರೆಗೆ ತಗಡಿನಲ್ಲಿ ಕೊರೆದ ಅಂಕಿಗಳು. ಆರರ ತಗಡು ಕಳೆದುಹೋಗಿ, ಒಂಬತ್ತನ್ನೇ ತಿರುಗಿಸಿ ಬಳಸುತ್ತಿದ್ದರು. ಅಲ್ಲಿ ಹದಿನೇಳು ವರ್ಷದಿಂದ ಕೂತಿದ್ದ ಮನುಷ್ಯ ಇವರನ್ನು ನೋಡಿ, ಬಹಳ ಪ್ರೀತಿಯಿಂದ, ಪಕ್ಕದ ಖಾಲಿ ಕುರ್ಚಿಯ ಧೂಳು ಒರೆಸಿದ್ದ.

ಪರೀಕ್ಷೆಯ ಲೆಕ್ಕ ಸರಳ. ಕಟ್ಟಡದಲ್ಲಿ ನಲವತ್ತು ಮನೆ, ನಲವತ್ತು ಮೀಟರು. ಒಂದು ಗಂಟೆಯಲ್ಲಿ ಪ್ರತಿ ಮೀಟರು ಹತ್ತು ಸಲ ಮಾತಾಡುತ್ತದೆ. ಒಟ್ಟು ನಾನೂರು ಸಂದೇಶ. ಅದರಲ್ಲಿ ಮುನ್ನೂರ ತೊಂಬತ್ತೆರಡು ತಲುಪಬೇಕು. ಪರೀಕ್ಷೆಗೆ ಈ ಕಟ್ಟಡವೇ ಏಕೆಂದರೆ, ಕಂಪನಿಯ ‘ಗದ್ದಲದ ಕಟ್ಟಡಗಳ ಪಟ್ಟಿ’ಯಲ್ಲಿ ಉಳಿದಿದ್ದುದು ಇದೊಂದೇ. ಮಿಕ್ಕವನ್ನು ಕೆಡವಿಯೋ ರಿಪೇರಿ ಮಾಡಿಯೋ ಪಟ್ಟಿಯಿಂದ ಹೊಡೆದುಹಾಕಿದ್ದರು. ಅಕ್ಕ ಅಲ್ಲಿ ವಾಸವಿದ್ದುದು ಎಂಜಿನಿಯರರ ಅದೃಷ್ಟವೋ ದುರದೃಷ್ಟವೋ ಎಂಬುದು ಬುಧವಾರದವರೆಗೆ ತೀರ್ಮಾನವಾಗಿರಲಿಲ್ಲ.

ಪರೀಕ್ಷೆಯ ನಿಯಮಗಳ ಪುಸ್ತಕ ಅವರ ಬಳಿ ಇರಲಿಲ್ಲವೆಂದಲ್ಲ. ಆ ಪುಸ್ತಕ ಬರೆದ ಸಮಿತಿಯಲ್ಲಿ ಅವರೂ ಒಬ್ಬ ಸದಸ್ಯರಾಗಿದ್ದರು. ಹದಿನಾಲ್ಕು ಸಭೆ ನಡೆದಿತ್ತು. ಒಂದು ಸಭೆಯಲ್ಲಿ ಅವರು ಎದ್ದು ನಿಂತು ಒಂದು ವಾಕ್ಯ ಸೇರಿಸಿದಾಗ ಎಲ್ಲರೂ ಮೇಜು ತಟ್ಟಿ ಹೊಗಳಿದ್ದರು. ವಾಕ್ಯ ಯಾವುದೆಂದು ಈಗ ಮರೆತುಹೋಗಿತ್ತು. ಮೇಜು ತಟ್ಟಿದ್ದು ಮಾತ್ರ ಚೆನ್ನಾಗಿ ನೆನಪಿತ್ತು. ಪುಸ್ತಕ ಪ್ರಯೋಗಾಲಯದ ಕುಂಟು ಮೇಜಿನ ಕಾಲಡಿಗೆ ಹೇಳಿಮಾಡಿಸಿದಂತೆ ಕೂತು ನಾಲ್ಕು ವರ್ಷವಾಗಿತ್ತು.

ಶನಿವಾರ ಅವರೇ ಪೆಟ್ಟಿಗೆಯನ್ನು ಒಂದು ಗಂಟೆ ಓಡಿಸಿ ನೋಡಿದರು. ನಾನೂರಕ್ಕೆ ಮುನ್ನೂರ ತೊಂಬತ್ತೈದು. ಕುಣಿದಾಡುವಂತಾಯಿತು. ಭಾನುವಾರ ಮತ್ತೆ ನೋಡಿದರು. ಮುನ್ನೂರ ಎಂಬತ್ತೆಂಟು. ಕುಣಿಯಲು ಎತ್ತಿದ ಕಾಲು ಎತ್ತಿದಲ್ಲೇ ಉಳಿಯಿತು. ಕಾರಣ ಹುಡುಕುತ್ತಾ ಮೂರನೇ ಮಹಡಿಗೆ ಹೋದರೆ ಬಾಗಿಲ ತುಂಬ ಕೆಂಪು ಬಟ್ಟೆ. ಬ್ಯಾಂಡ್‌ಸೆಟ್‌ನವರಿಗೆ ಇಪ್ಪತ್ತೆರಡು ಕೋಟು, ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಕೊಡಬೇಕಂತೆ. ಅಕ್ಕ ಪೆಡಲಿನ ಮೇಲೆ ಕಾಲೊತ್ತಿದಾಗೆಲ್ಲ, ಕೆಳಗೆ ತಮ್ಮನ ಎಣಿಕೆ ಎಡವುತ್ತಿತ್ತು.

ಸೋಮವಾರ ಅವರು ಪೆಟ್ಟಿಗೆಗೆ ಹೊಸ ಪಾಠ ಹೇಳಿಕೊಟ್ಟರು. ಅಕ್ಕನ ಮೋಟರಿನ ರಾಗ ಯಾವುದು, ಎಲ್ಲಿ ಏರುತ್ತದೆ, ಎಲ್ಲಿ ಉಸಿರೆಳೆಯುತ್ತದೆ ಎಂದೆಲ್ಲ ಕಲಿಸಿದರು. ಅದು ಕಲಿಯಿತೋ ಇಲ್ಲವೋ ಎಂದು ಪರೀಕ್ಷಿಸಲಿಲ್ಲ. ಮತ್ತೆ ಮುನ್ನೂರ ಎಂಬತ್ತೆಂಟು ಬಂದರೆ ಬುಧವಾರದವರೆಗೆ ಊಟ ಸೇರುವುದಿಲ್ಲವಲ್ಲ! ಒಂಬತ್ತು ವರ್ಷ ಸಾಕಿದ ಪೆಟ್ಟಿಗೆಯನ್ನು ನಂಬುವುದಕ್ಕಿಂತ, ಒಂದು ಗಂಟೆ ಇಡೀ ಕಟ್ಟಡದ ಬಾಯಿ ಕಟ್ಟಿಸುವುದೇ ಕ್ಷೇಮ ಎಂದು ಅವರಿಗೆ ತೋರಿತು. ಅದಕ್ಕೇ ಆ ನೋಟೀಸು.

ಅಕ್ಕ ನೋಟೀಸನ್ನು ಗೋಡೆಯಿಂದ ಕಿತ್ತು ಕೈಯಲ್ಲೇ ಹಿಡಿದು ಕಾಯುತ್ತಿದ್ದಳು.

“ಏನೋ ಇದು? ನನ್ನ ಮಿಷನ್ ಏನು ಮಂತ್ರಿಯೇನೋ, ಅದರ ಕಾರ್ಯಕ್ರಮ ಗೋಡೆ ಮೇಲೆ ಹಾಕೋಕೆ?”

“ಅಕ್ಕ, ಒಂದೇ ಗಂಟೆ.”

“ಇಪ್ಪತ್ತೆರಡು ಕೋಟು ಕಣೋ! ನೀನು ಹುಟ್ಟೋಕೆ ಮುಂಚೆಯಿಂದ ಅಮ್ಮ ಹೊಲೀತಿದ್ದ ಮಿಷನ್ ಇದು. ಮೋಟರು ಒಂದು ಹಾಕಿಸಿದ್ದು ನಾನು. ಇಷ್ಟು ವರ್ಷ ಇಲ್ಲದ ತಕರಾರು ಈಗ ನಿನ್ನ ಡಬ್ಬಿಗೆ ಬಂತಾ?”

ಸೋಫಾದಲ್ಲಿ ಭಾವ ಪೇಪರು ಓದುತ್ತಿದ್ದರು. ಅವರು ಮದುವೆಯಾದಂದಿನಿಂದ ಅದೇ ಸೋಫಾದಲ್ಲಿ ಪೇಪರು ಓದುತ್ತಿದ್ದರು. ಸೋಫಾ ಎರಡು ಸಲ ಬದಲಾಗಿತ್ತು.

“ನಿನ್ನ ಡಬ್ಬಿ ಅಷ್ಟು ಬುದ್ಧಿವಂತ ಅಂತೀಯಲ್ಲ, ಅದೇನು ಮಾಡುತ್ತೆ ಅಂತ ನನಗೊಂದ್ಸಲ ಅರ್ಥ ಆಗೋ ಹಾಗೆ ಹೇಳು,” ಎಂದಳು ಅಕ್ಕ.

ಎಂಜಿನಿಯರರು ಯೋಚಿಸಿದರು. ಸಮಿತಿಗೆ ನಲವತ್ತು ಪುಟದಲ್ಲಿ ವಿವರಿಸಿದ್ದನ್ನು ಅಕ್ಕನಿಗೆ ಒಂದು ಉಸಿರಲ್ಲಿ ಹೇಳಬೇಕಿತ್ತು.

“ನೀನೂ ಭಾವನೂ ಊಟಕ್ಕೆ ಕೂತು ಜಗಳ ಆಡ್ತಿರ್ತೀರ ಅಂತ ಇಟ್ಕೋ.”

“ಇಟ್ಕೊಳ್ಳೋದೇನು ಬಂತು,” ಎಂದರು ಭಾವ, ಪೇಪರಿನ ಹಿಂದಿನಿಂದ.

“ನನಗೆ ಉಪ್ಪು ಬೇಕು. ಕೂಗಿದ್ರೆ ಯಾರಿಗೂ ಕೇಳಲ್ಲ. ನಾನೇನು ಮಾಡ್ತೀನಿ? ನೀನು ಬೈತಾ ಬೈತಾ ಒಂದ್ಕಡೆ ಉಸಿರು ತಗೋತೀಯಲ್ಲ, ಆಗ ಮೆತ್ತಗೆ ‘ಉಪ್ಪು’ ಅಂತೀನಿ. ಉಪ್ಪು ಬರುತ್ತೆ. ನನ್ನ ಪೆಟ್ಟಿಗೆನೂ ಅಷ್ಟೇ. ತಂತೀಲಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುತ್ತೆ. ಆ ಸೊನ್ನೆ ಹತ್ರ ಗದ್ದಲ ಒಂಚೂರು ಕಡಿಮೆ. ಅದನ್ನ ಹುಡುಕಿ, ಅಲ್ಲಿ ಒಂದು ಮಾತು ತೂರಿಸುತ್ತೆ. ಒಂದು ದನಿಯಲ್ಲಿ ಕೇಳದಿದ್ರೆ ಇನ್ನೊಂದು ದನಿಯಲ್ಲಿ ಹೇಳುತ್ತೆ.”

“ನಾನು ಉಸಿರು ತಗೊಳ್ಳದಿದ್ರೆ?”

“ಅದೇ ಅಕ್ಕ ಸಮಸ್ಯೆ. ನಿನ್ನ ಮಿಷನ್ ನಿನ್ನ ಥರಾನೇ.”

ಭಾವನ ಪೇಪರು ಒಂದು ಕ್ಷಣ ನಡುಗಿತು.

ಫೇಲಾದರೆ ಕಂಬಕ್ಕೆ ನಂಬರು ಬರೆಯಿಸುವ ಕೆಲಸವೇ ಗತಿ ಎಂದು ತಮ್ಮ ಹೇಳಿದ ಮೇಲೆ, ಕೊನೆಗೆ ಅಕ್ಕ ಒಪ್ಪಿದಳು. ಷರತ್ತು ಒಂದೇ. ಹೋಗುವ ಒಂದು ಗಂಟೆಗೆ ಬದಲಾಗಿ ತಮ್ಮ ಮಂಗಳವಾರ ಸಂಜೆ ಬಂದು ಗುಂಡಿ ಹೊಲಿಯಬೇಕು. ಕೋಟಿಗೆ ಎಂಟು ಹಿತ್ತಾಳೆ ಗುಂಡಿ, ಒಟ್ಟು ನೂರ ಎಪ್ಪತ್ತಾರು. ಕೈಯಲ್ಲೇ ಹೊಲಿಯಬೇಕು. “ಕೈ ಹೊಲಿಗೆ ತಂತಿಗೆ ತೊಂದರೆ ಕೊಡಲ್ಲ ತಾನೇ?” ಎಂದು ಕೇಳಿ ಖಚಿತಪಡಿಸಿಕೊಂಡಳು.

ಹೊರಡುವಾಗ ಎಂಜಿನಿಯರರ ಕೈಯಲ್ಲಿದ್ದ ಸಣ್ಣ ಮಾಪಕ ಸೋಫಾದ ಬಳಿ ಬಂದೊಡನೆ ಹುಚ್ಚು ಹಿಡಿದಂತೆ ಕುಣಿಯಿತು. ಸೋಫಾದ ಹಿಂದೆ ಭಾವನ ಫೋನಿನ ಚಾರ್ಜರು. ಫುಟ್‌ಪಾತಿನಲ್ಲಿ ಒಂದಕ್ಕೆ ಎರಡು ಎಂದು ತಂದದ್ದು. ಹೊಲಿಗೆ ಯಂತ್ರವನ್ನು ಬಿಟ್ಟರೆ ಇಡೀ ಕಟ್ಟಡದಲ್ಲಿ ಎರಡನೇ ಸ್ಥಾನ ಅದಕ್ಕೇ.

“ಭಾವ, ಇದನ್ನೂ ಆಫ್ ಮಾಡಬೇಕು. ಭಯಂಕರ ಗದ್ದಲ.”

ಭಾವ ಮೊದಲ ಬಾರಿಗೆ ಪೇಪರು ಕೆಳಗಿಟ್ಟರು. “ನಾನು ಈ ಮನೇಲಿ ಸದ್ದು ಮಾಡಿದ್ದು ಇದೇ ಮೊದಲು,” ಎಂದರು. ಮುಖದಲ್ಲಿ ಹೆಮ್ಮೆ ಮುಚ್ಚಿಡಲಾಗಲಿಲ್ಲ.

ಮಂಗಳವಾರ ಬೆಳಗ್ಗೆ ಎಂಜಿನಿಯರರು ಮನೆ ಮನೆ ಸುತ್ತಿದರು. ನಾಲ್ಕನೇ ಮಹಡಿಯ ನಿವೃತ್ತ ಹೆಡ್‌ಮೇಷ್ಟ್ರು ದಿನಾ ಹತ್ತು ಗಂಟೆಗೆ ಮನೆಯೊಳಗೇ ಟ್ರೆಡ್‌ಮಿಲ್ಲಿನ ಓಡುವ ಪಟ್ಟಿಯ ಮೇಲೆ ನಡೆಯುತ್ತಿದ್ದರು. ಡಾಕ್ಟರು ಹೇಳಿದ್ದರಂತೆ.

“ನನ್ನ ಮಿಷನ್ನು ಸದ್ದೇ ಮಾಡಲ್ಲಪ್ಪ. ಕಿವಿ ಕೊಟ್ಟು ಕೇಳು.”

“ಕಿವಿಗಲ್ಲ ಸಾರ್, ತಂತಿಗೆ.”

“ತಂತಿಗೆ ಕಿವಿ ಇದೆಯಾ?”

“ಇದೆ ಅಂತ ಇಟ್ಕೊಳ್ಳಿ ಸಾರ್.”

“ಇಟ್ಕೊಳ್ಳೋದಲ್ಲ, ಉತ್ತರ ಸರಿಯಾಗಿ ಹೇಳಬೇಕು,” ಎಂದರು ಮೇಷ್ಟ್ರು. ಹತ್ತು ನಿಮಿಷ ಉತ್ತರ ಹೇಳಿದ ಮೇಲೆ, ಬುಧವಾರ ಒಂದು ಗಂಟೆ ಪಟ್ಟಿ ನಿಲ್ಲಿಸಿ ಅದರ ಮೇಲೆ ಸುಮ್ಮನೆ ನಿಲ್ಲುವುದಾಗಿ ಒಪ್ಪಿದರು.

ನೆಲಮಹಡಿಯ ಹಲ್ಲಿನ ಡಾಕ್ಟರು ಹಲ್ಲು ಕಚ್ಚಿಕೊಂಡು ಒಪ್ಪಿದರು. ಕೊರೆಯುವ ಯಂತ್ರ ಓಡಿಸುವುದಿಲ್ಲ, ಆ ಒಂದು ಗಂಟೆ ಇಕ್ಕಳದಲ್ಲಿ ಆಗುವ ಕೆಲಸ ಮಾತ್ರ ಎಂದರು. ಕಾಯುತ್ತಿದ್ದ ರೋಗಿಗಳಲ್ಲಿ ಇಬ್ಬರು ತಮಗೆ ಈಗ ನೋವೇ ಇಲ್ಲವೆಂದು ಎದ್ದುಹೋದರು. ಹೀಗೆ ನಲವತ್ತೂ ಮನೆಗಳಿಂದ ಮಾತು ಪಡೆದು, ಸಂಜೆ ಅಕ್ಕನ ಮನೆಯಲ್ಲಿ ಕೂತು, ಬೆರಳಿಗೆ ಹನ್ನೊಂದು ಸಲ ಸೂಜಿ ಚುಚ್ಚಿಸಿಕೊಂಡು ಎಂಜಿನಿಯರರು ನೂರ ಎಪ್ಪತ್ತಾರು ಗುಂಡಿ ಹೊಲಿದರು. ಅಕ್ಕ ಪರೀಕ್ಷಿಸಿ ಮೂವತ್ತನ್ನು ಬಿಚ್ಚಿಸಿ ಮತ್ತೆ ಹೊಲಿಸಿದಳು. ಅಧಿಕೃತ ಪರೀಕ್ಷೆ ಎಂದರೆ ಏನೆಂದು ಅವರಿಗೆ ಅಂದೇ ಅಂದಾಜಾಗಬೇಕಿತ್ತು.

ಬುಧವಾರ ಒಂಬತ್ತೂ ಐವತ್ತಕ್ಕೆ ತಪಾಸಣೆ ಮೇಡಂ ಬಂದರು. ಪರೀಕ್ಷೆಗಳನ್ನು ನಡೆಸಿ ಸಹಿ ಹಾಕುವ ಅಧಿಕಾರಿ ಅವರು. ಒಂದು ಕೈಯಲ್ಲಿ ಚರ್ಮದ ಪೆಟ್ಟಿಗೆ, ಇನ್ನೊಂದರಲ್ಲಿ ಫ್ಲಾಸ್ಕು. ಯಾರ ಮನೆಯ ಟೀ ಕುಡಿದರೂ ತೀರ್ಪು ಸಡಿಲವಾದೀತೆಂದು ಸ್ವಂತ ಟೀ ತರುತ್ತಿದ್ದರು. ನೆಲಮಾಳಿಗೆಯಲ್ಲಿ ಮಡಿಸುವ ಮೇಜು ಹಾಕಿ, ಎರಡು ಮಾಪಕ ಹೊರಗಿಟ್ಟರು. ಒಂದು ಸಂದೇಶ ಎಣಿಸುವುದು. ಇನ್ನೊಂದಕ್ಕೆ ಒಂದು ಮುಳ್ಳು. ಅದು ಏನು ಎಣಿಸುತ್ತದೆಂದು ಎಂಜಿನಿಯರರು ಕೇಳಲಿಲ್ಲ.

“ಶುರು ಮಾಡೋಣ್ವಾ?” ಎಂದರು ಮೇಡಂ.

ಸರಿಯಾಗಿ ಹತ್ತಕ್ಕೆ ಕಟ್ಟಡ ಬಾಯಿಗೆ ಬೀಗ ಹಾಕಿಕೊಂಡಿತು. ಪೆಟ್ಟಿಗೆಯ ಹಸಿರು ದೀಪ ಮಿನುಗತೊಡಗಿತು. ಹತ್ತು ಸಂದೇಶ, ಹತ್ತೂ ಬಂದವು. ಐವತ್ತು, ಐವತ್ತೂ ಬಂದವು. ಎಂಜಿನಿಯರರು ಮೈಯೆಲ್ಲ ಕಣ್ಣಾಗಿ ನಿಂತರು. ಮೇಡಂ ಮಾತ್ರ ಎಣಿಕೆಯ ಕಡೆ ನೋಡದೆ ಮುಳ್ಳಿನ ಕಡೆಯೇ ನೋಡುತ್ತಿದ್ದರು. ಆಗಾಗ ಮಾಪಕವನ್ನು ಬೆರಳಲ್ಲಿ ತಟ್ಟುತ್ತಿದ್ದರು. ಹುಬ್ಬು ಮೇಲೇರಿತ್ತು. ಮೆಚ್ಚುಗೆ ಎಂದುಕೊಂಡರು ಎಂಜಿನಿಯರರು.

ಇನ್ನೂರು. ಮುನ್ನೂರು. ಮೇಲೆ ಎಲ್ಲೋ ಒಂದು ಬಾಗಿಲು ಕಿರ್ ಎಂದಿತು. ಎಂಜಿನಿಯರರು ಮೆಟ್ಟಿಲ ಕಡೆಗೆ ಎರಡು ಹೆಜ್ಜೆ ಇಟ್ಟರು. ಬಾಗಿಲಿಗೆ ಪ್ಲಗ್ ಇರುವುದಿಲ್ಲವೆಂದು ನೆನಪಾಗಿ ಸಮಾಧಾನವಾಯಿತು.

ಹನ್ನೊಂದು ಗಂಟೆಗೆ ಎಣಿಕೆ ನಿಂತಿತು. ನಾನೂರಕ್ಕೆ ನಾನೂರು.

ಇಂಥ ಫಲಿತಾಂಶ ಯಾರಿಗೂ ಯಾವತ್ತೂ ಬಂದಿರಲಿಲ್ಲ. ಎಂಜಿನಿಯರರ ಕಣ್ಣಲ್ಲಿ ನೀರು ತುಂಬಿತು. ಸೂಜಿ ಚುಚ್ಚಿದ ಬೆರಳುಗಳಿಂದಲೇ ಒರೆಸಿಕೊಂಡರು. ಅದೇ ಕ್ಷಣ ಮೇಲೆ ಕಟ್ಟಡದ ಬೀಗ ಒಡೆಯಿತು. ಒಂದು ಗಂಟೆ ಬಾಕಿ ಉಳಿಸಿಕೊಂಡಿದ್ದ ಎಲ್ಲರೂ ಒಟ್ಟಿಗೆ ಶುರುವಿಟ್ಟುಕೊಂಡರು. ಹಲ್ಲಿನ ಡಾಕ್ಟರು ಕೊರೆದರು, ಮೇಷ್ಟ್ರು ಓಡಿದರು, ಭಾವನ ಚಾರ್ಜರು ಎಚ್ಚೆತ್ತಿತು. ಎಲ್ಲದರ ಮೇಲೆ, ಹನ್ನೆರಡರೊಳಗೆ ಕೋಟು ಮುಗಿಸಬೇಕಾದ ಅಕ್ಕ ಪೆಡಲಿನಿಂದ ಕಾಲೆತ್ತದೆ ಹೊಲಿಯತೊಡಗಿದಳು.

ಮೇಡಂ ಸಂದೇಶ ಎಣಿಸುವ ಮಾಪಕವನ್ನು ಚರ್ಮದ ಪೆಟ್ಟಿಗೆಗೆ ಸೇರಿಸಿದರು. ಮುಳ್ಳಿನ ಮಾಪಕವನ್ನು ಎಂಜಿನಿಯರರ ಕಡೆ ತಿರುಗಿಸಿದರು.

“ಇದು ತಂತಿಯ ಗದ್ದಲ. ಗಂಟೆಯ ಸರಾಸರಿ ಮೂವತ್ತೊಂದು ಬಂದಿದೆ.”

“ಒಳ್ಳೇದಾಯ್ತಲ್ಲ ಮೇಡಂ.”

“ಅರವತ್ತು ಇರಬೇಕು.”

“ಅರವತ್ತಕ್ಕಿಂತ ಕಡಿಮೆ ಇರಬೇಕು ಅಲ್ವಾ?”

“ಅರವತ್ತಕ್ಕಿಂತ ಕಡಿಮೆ ಇರಬಾರದು.” ಮೇಡಂ ನಿಯಮಗಳ ಪುಸ್ತಕ ತೆಗೆದರು. ಅವರ ಪ್ರತಿ ಯಾವ ಮೇಜಿನ ಕೆಳಗೂ ಇದ್ದಂತೆ ಕಾಣಲಿಲ್ಲ, ಅಂಚು ಕೂಡ ಮಡಿಸಿರಲಿಲ್ಲ. “ನಿಯಮ ಒಂಬತ್ತು. ‘ಪರೀಕ್ಷೆಯ ಅವಧಿಯಲ್ಲಿ ತಂತಿಯ ಸರಾಸರಿ ಗದ್ದಲವು ಅರವತ್ತಕ್ಕಿಂತ ಕಡಿಮೆ ಇದ್ದಲ್ಲಿ, ಬಂದ ಫಲಿತಾಂಶ ಎಷ್ಟೇ ಉತ್ತಮವಾಗಿದ್ದರೂ ಪರೀಕ್ಷೆಯು ನಡೆದೇ ಇಲ್ಲವೆಂದು ಭಾವಿಸತಕ್ಕದ್ದು.’”

“ಯಾವ ತಲೆಕೆಟ್ಟವನು ಮೇಡಂ ಇದನ್ನ ಬರೆದಿದ್ದು?”

ಮೇಡಂ ಪುಟದ ಅಡಿ ಬೆರಳಿಟ್ಟರು. ಸೂಚಿಸಿದವರು ಎಂಬ ಪದದ ಮುಂದೆ ಎಂಜಿನಿಯರರ ಹುದ್ದೆ ಇತ್ತು. ಹುದ್ದೆಯ ಮುಂದೆ ಅವರದೇ ಸಹಿ, ಕೊನೆಯ ಅಕ್ಷರದ ಬಾಲ ಪುಟದಾಚೆ ಹಾರಿಹೋಗುವಷ್ಟು ಉತ್ಸಾಹದ್ದು.

ಆಗ ಎಲ್ಲ ನೆನಪಾಯಿತು. ಹೊರಗಿನ ಯಾವುದೋ ಕಂಪನಿಯವರು, ಇನ್ನೂ ಯಾರೂ ವಾಸಕ್ಕೆ ಬಾರದ ಹೊಸ ಕಟ್ಟಡದಲ್ಲಿ ತಮ್ಮ ಯಂತ್ರ ಪರೀಕ್ಷಿಸಿ ನೂರಕ್ಕೆ ನೂರು ತಂದಿದ್ದರು. ಸಮಿತಿಯಲ್ಲಿ ಇವರು ಎದ್ದು ನಿಂತಿದ್ದರು. ‘ಖಾಲಿ ಮನೆಯಲ್ಲಿ ಪಿಸುಗುಟ್ಟಿ ಕೇಳಿಸಿತು ಅನ್ನೋದು ಯಾವ ದೊಡ್ಡಸ್ತಿಕೆ?’ ಎಂದು ದೊಡ್ಡ ಗಂಟಲಲ್ಲಿ ಕೇಳಿದ್ದರು. ಆಮೇಲೆ ಆ ವಾಕ್ಯ. ಆಮೇಲೆ ಮೇಜು ತಟ್ಟಿದ್ದು. ಮೊದಲು ತಟ್ಟಿದ್ದು ಇದೇ ಮೇಡಂ ಎಂಬುದೂ ನೆನಪಾಯಿತು.

ಅವರಿಗೆ ಒಂದು ದಾರಿ ಹೊಳೆಯಿತು. “ನಡೆದೇ ಇಲ್ಲ ಅಂದ್ಮೇಲೆ, ಈಗ ನಡೆಸಬಹುದಲ್ವಾ ಮೇಡಂ? ನೋಡಿ, ಮುಳ್ಳು ನೋಡಿ!”

ಮುಳ್ಳು ಎಂಬತ್ತೆಂಟರಲ್ಲಿ ನಡುಗುತ್ತಿತ್ತು.

“ನಡೆಸಬಹುದು,” ಎಂದರು ಮೇಡಂ. “ಆದ್ರೆ ಗದ್ದಲದ ಪಟ್ಟಿಯಲ್ಲಿರೋ ಕಟ್ಟಡದಲ್ಲೇ ನಡೆಸಬೇಕು. ನಿಮ್ಮ ವಾಕ್ಯದ ಎರಡನೇ ಅರ್ಧ ಓದ್ತೀನಿ. ‘ಹಾಗೂ ಅಂಥ ಕಟ್ಟಡವನ್ನು ಆ ಕ್ಷಣದಿಂದಲೇ ಗದ್ದಲದ ಪಟ್ಟಿಯಿಂದ ಕೈಬಿಡತಕ್ಕದ್ದು.’ ಹನ್ನೊಂದಕ್ಕೆ ಕೈಬಿಟ್ಟಿದ್ದೀನಿ. ಪಟ್ಟಿಯಲ್ಲಿ ಇದೊಂದೇ ಇತ್ತು. ಹೊಸ ಪಟ್ಟಿ ಮುಂದಿನ ವರ್ಷ ಆಗುತ್ತೆ.”

“ನನಗೆ ತಿಂಗಳ ಕೊನೆವರೆಗೆ ಮಾತ್ರ ಸಮಯ ಮೇಡಂ.”

“ಗೊತ್ತು. ತುಂಬಾ ಒಳ್ಳೆ ವಾಕ್ಯ ಅದು,” ಎಂದರು ಮೇಡಂ. ಕುಹಕವೇನೂ ಇರಲಿಲ್ಲ. “ಅದರಿಂದ ಎಷ್ಟು ಕಳ್ಳಾಟ ತಪ್ಪಿದೆ ಅಂತ ನಿಮಗೆ ಗೊತ್ತಿಲ್ಲ.”

ವರದಿಯನ್ನು ಸ್ಥಳದಲ್ಲೇ, ಕೈಬರಹದಲ್ಲಿ, ಮೂರು ಪ್ರತಿ ಬರೆಯಬೇಕೆಂಬುದು ಹದಿಮೂರನೇ ನಿಯಮ. ಮೇಡಂ ಫ್ಲಾಸ್ಕಿನ ಮುಚ್ಚಳಕ್ಕೆ ಟೀ ಬಗ್ಗಿಸಿಕೊಂಡು ಬರೆಯತೊಡಗಿದರು. ಎಂಜಿನಿಯರರು ಪಕ್ಕದ ಖಾಲಿ ಪೇಂಟ್ ಡಬ್ಬದ ಮೇಲೆ ಕುಸಿದರು. ಕುಸಿದ ಮೇಲೆ ಅದು ಪೇಂಟ್ ಡಬ್ಬ ಎಂದು ಗೊತ್ತಾಗಿ ಎದ್ದು ನಿಂತರು.

ಪೆಟ್ಟಿಗೆಯನ್ನು ಆಫ್ ಮಾಡುವುದನ್ನು ಯಾರೂ ನೆನಪಿಸಿರಲಿಲ್ಲ. ಅದು ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಮೇಲೆ ಅಕ್ಕನ ಮೋಟರು ಏರಿದಾಗ ದನಿ ಬದಲಿಸುತ್ತಿತ್ತು, ಮೇಷ್ಟ್ರ ಪಟ್ಟಿ ತಿರುವಿಕೊಂಡಾಗ ತಡೆದು ನಿಲ್ಲುತ್ತಿತ್ತು, ಚಾರ್ಜರಿನ ಎರಡು ಗೊರಕೆಗಳ ನಡುವೆ ನುಸುಳುತ್ತಿತ್ತು. ಹಸಿರು ದೀಪ ಎಲ್ಲೋ ಎಡವುತ್ತಿತ್ತು, ಮತ್ತೆ ಸರಿಹೋಗುತ್ತಿತ್ತು. ದೀಪದ ಪಕ್ಕದ ಪುಟ್ಟ ಪರದೆಯಲ್ಲಿ ಪೆಟ್ಟಿಗೆಯ ಸ್ವಂತ ಎಣಿಕೆ ಓಡುತ್ತಿತ್ತು. ಎಂಜಿನಿಯರರು ನೋಡಬಾರದೆಂದುಕೊಂಡರು. ನೋಡಿದರು. ನೂರಕ್ಕೆ ತೊಂಬತ್ತೆಂಟು. ಮುಖ ತಿರುಗಿಸಿದರು. ಇನ್ನೂರಕ್ಕೆ ನೂರ ತೊಂಬತ್ತೇಳು. ಸೋಮವಾರ ಹೇಳಿಕೊಟ್ಟ ಪಾಠವನ್ನು ಅದು ಅಚ್ಚುಕಟ್ಟಾಗಿ ಕಲಿತಿತ್ತು.

ಮೇಡಂ ಮೂರನೇ ಪ್ರತಿಗೆ ಸಹಿ ಹಾಕುವ ಹೊತ್ತಿಗೆ ಹನ್ನೆರಡಾಯಿತು. ಎಣಿಕೆ ನಿಂತಿತು. ನಾನೂರಕ್ಕೆ ಮುನ್ನೂರ ತೊಂಬತ್ತನಾಲ್ಕು. ಬೇಕಿದ್ದುದಕ್ಕಿಂತ ಎರಡು ಹೆಚ್ಚು.

ಮೇಡಂ ಬಗ್ಗಿ ಓದಿದರು. ಕನ್ನಡಕ ತೆಗೆದು ಮತ್ತೆ ಓದಿದರು. “ಎಂಬತ್ತೆಂಟರ ಗದ್ದಲದಲ್ಲಿ ಇಷ್ಟಾ? ನನ್ನ ಸರ್ವೀಸಲ್ಲಿ ನೋಡಿಲ್ಲ. ಅಭಿನಂದನೆ.” ಕೈ ಕುಲುಕಿದರು. “ದಾಖಲೆಗೆ ಬರಲ್ಲ.” ಫ್ಲಾಸ್ಕಿನ ಮುಚ್ಚಳ ತಿರುಗಿಸಿ, ಒಂದು ಪ್ರತಿಯನ್ನು ಎಂಜಿನಿಯರರ ಕೈಗಿಟ್ಟು ಹೊರಟರು.

ಎಂಜಿನಿಯರರು ಮೂರು ಮಹಡಿ ಹತ್ತಿದರು. ಮೆಟ್ಟಿಲ ಬುಡದಲ್ಲಿ ನೋಟೀಸಿದ್ದ ಜಾಗದಲ್ಲಿ ಟೇಪಿನ ನಾಲ್ಕು ಚೂರು ಮಾತ್ರ ಉಳಿದಿದ್ದವು. ಅಕ್ಕನ ಮನೆಯ ಬಾಗಿಲಲ್ಲಿ ಬ್ಯಾಂಡ್‌ಸೆಟ್‌ನವರು ಆಗಲೇ ಬಂದು, ಇಪ್ಪತ್ತೊಂದು ಜನ ಕೆಂಪು ಕೋಟು ತೊಟ್ಟು, ಇಪ್ಪತ್ತೆರಡನೆಯವನೊಬ್ಬ ಬನಿಯನ್ನಿನಲ್ಲಿ ನಿಂತಿದ್ದರು. ಒಳಗೆ ಅಕ್ಕ ಕೊನೆಯ ಕೋಟಿನ ತೋಳಿನ ಮೇಲೆ ಬಗ್ಗಿದ್ದಳು. ಯಂತ್ರ ಭೋರ್ಗರೆಯುತ್ತಿತ್ತು. ಭಾವನ ಪೇಪರು ಅದರ ಗಾಳಿಗೆ ಹಾರಾಡುತ್ತಿತ್ತು.

“ಪಾಸಾಯ್ತೇನೋ?” ಅಕ್ಕ ತಲೆಯೆತ್ತದೆ ಕೂಗಿದಳು. “ನಾನು ಒಂದು ಗಂಟೆ ಕೈ ಕಟ್ಟಿಕೊಂಡು ಕೂತಿದ್ದಕ್ಕೆ ಏನಾಯ್ತು ಅಂತ ಹೇಳೋ! ಪಾಸಾಯ್ತಾ, ಇಲ್ವಾ? ಮೇಷ್ಟ್ರು ಬೇರೆ ಎರಡು ಸಲ ಬಂದು ಕೇಳಿಕೊಂಡು ಹೋದ್ರು…”

ಎಂಜಿನಿಯರರು ಬಾಯಿ ತೆರೆದರು. ಯಂತ್ರದ ಸದ್ದಿಗೆ ಏನೂ ಕೇಳಿಸುವಂತಿರಲಿಲ್ಲ. ಬಾಯಿ ಮುಚ್ಚಿ, ಬಾಗಿಲಿಗೆ ಒರಗಿ, ಕಾದರು. ಹೊಲಿಗೆ ತೋಳಿನ ತುದಿ ಮುಟ್ಟಿತು. ಅಕ್ಕ ದಾರ ಕತ್ತರಿಸಲು ಪೆಡಲಿನಿಂದ ಕಾಲೆತ್ತಿದಳು, ಮಾತಿನ ನಡುವೆ ಒಂದು ಉಸಿರೆಳೆದುಕೊಂಡಳು.

“ಕಂಬ,” ಎಂದರು ಎಂಜಿನಿಯರರು, ಮೆತ್ತಗೆ.

ಸಂದೇಶ ಒಂದೇ ಸಲಕ್ಕೆ ತಲುಪಿತು.